ಹಾಂಕಾಂಗ್‌ನ ಅವೆನ್ಯೂ ಆಫ್ ಸ್ಟಾರ್ಸ್‌ಗೆ ಎರಡು ಸಲ ಹೋಗಿ

ನಾವು ಮಂಗಳೂರಿನಿಂದ ಪ್ಯಾಕೇಜ್ ಟೂರ್‌ನಲ್ಲಿ ಹೋದವರು. ಸಿನಿಮಾ ತಾರೆಯರ ಕೈಯಚ್ಚು, ಪ್ರತಿಮೆಗಳಿರುವ ಕಡಲಬದಿಯ ಕಾಲುದಾರಿ ಈ ಅವೆನ್ಯೂ ಆಫ್ ಸ್ಟಾರ್ಸ್. ಅದಕ್ಕೆ ನಮಗೆ ಕೊಟ್ಟದ್ದು ಬರೀ ಇಪ್ಪತ್ತು ನಿಮಿಷ. ಬ್ರೂಸ್ ಲೀ ಪ್ರತಿಮೆ ಎದುರು ಫೋಟೊಗೆ ನಿಂತು ನಮ್ಮ ಸರದಿ ಬರುವಷ್ಟರಲ್ಲಿ ಗೈಡ್ ಬಾವುಟ ಎತ್ತಿ ಕರೆದೇಬಿಟ್ಟರು. ತುಂಬಾ ಬೇಜಾರಾಯಿತು. ಮರುದಿನ ನಾವೇ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹೋದೆವು. ನೀವೂ ಹಾಗೇ ಮಾಡಿ, ಟಿಕೆಟ್ ಇಲ್ಲ, ಯಾವ ಹೊತ್ತಿಗೆ ಬೇಕಾದರೂ ಹೋಗಬಹುದು.

ಹೊರಡುವ ಮೊದಲು ಒಂದು ಕೆಲಸ ಉಂಟು. ಭಾರತದ ಪಾಸ್‌ಪೋರ್ಟ್ ಇರುವವರು ಹಾಂಕಾಂಗ್ ಸರ್ಕಾರದ ವೆಬ್‌ಸೈಟ್‌ನಲ್ಲಿ ಮುಂಚಿತವಾಗಿ ನೋಂದಣಿ ಮಾಡಿ ಚೀಟಿ ಪ್ರಿಂಟ್ ತೆಗೆದುಕೊಳ್ಳಬೇಕು. 14 ದಿನದವರೆಗಿನ ಪ್ರವಾಸಕ್ಕೆ ಅಷ್ಟು ಸಾಕು, ಹಣ ಕೊಡುವುದೇನೂ ಇಲ್ಲ. ತಿಂಗಳು ಆರಿಸುವುದಾದರೆ ಅಕ್ಟೋಬರ್‌ನಿಂದ ಡಿಸೆಂಬರ್ ಒಳ್ಳೆಯದು. ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಅಲ್ಲಿಯೂ ಮಳೆ, ಜೊತೆಗೆ ಚಂಡಮಾರುತದ ಕಾಟ.

ಮೆಟ್ರೊದಲ್ಲಿ ಹೋದರೆ ಈಸ್ಟ್ ಚಿಮ್ ಶಾ ಚುಯಿ ಸ್ಟೇಷನ್‌ನಲ್ಲಿ ಇಳಿದು ಜೆ ಗೇಟಿನಿಂದ ಹೊರಗೆ ಬನ್ನಿ. ಆದರೆ ನನ್ನ ಮಾತು ಕೇಳುವುದಾದರೆ, ಎದುರು ದಡದ ಸೆಂಟ್ರಲ್‌ನಿಂದ ಸ್ಟಾರ್ ಫೆರಿಯಲ್ಲೇ ದಾಟಿ ಬನ್ನಿ. ಮಂಗಳೂರಿನಲ್ಲಿ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟುತ್ತೇವಲ್ಲ, ಅದೇ ಖುಷಿ, ದೋಣಿ ಮಾತ್ರ ತುಂಬಾ ದೊಡ್ಡದು. ಇಳಿದ ಕೂಡಲೇ 44 ಮೀಟರ್ ಎತ್ತರದ ಹಳೇ ಗಡಿಯಾರ ಗೋಪುರ ಕಾಣುತ್ತದೆ. ಅಲ್ಲಿಂದ ಸಮುದ್ರವನ್ನು ಬಲಗಡೆ ಇಟ್ಟುಕೊಂಡು, ಕಲ್ಚರಲ್ ಸೆಂಟರ್, ಆರ್ಟ್ ಮ್ಯೂಸಿಯಂ ದಾಟಿ ಸೀದಾ ನಡೆಯುತ್ತಾ ಹೋಗಿ.

ಈ ಜಾಗ ಶುರುವಾದದ್ದು 2004ರಲ್ಲಿ. 2015ರಲ್ಲಿ ಮುಚ್ಚಿ, ಪೂರ್ತಿ ಹೊಸದಾಗಿ ಕಟ್ಟಿ, 2019ರ ಜನವರಿ ಕೊನೆಗೆ ಮತ್ತೆ ತೆರೆದರು. ಅದಕ್ಕೇ ಹಳೇ ಫೋಟೊ ನೋಡಿಕೊಂಡು ಹೋದವರು ನೆಲದಲ್ಲಿ ಕೈಯಚ್ಚು ಹುಡುಕುತ್ತಾರೆ. ಈಗ ಅವು ನೆಲದಲ್ಲಿಲ್ಲ, ಸಮುದ್ರದ ಬದಿಯ ಮರದ ಕಟಕಟೆಯ ಮೇಲಿವೆ. ನೂರಕ್ಕೂ ಜಾಸ್ತಿ ಉಂಟು.

ಇದಕ್ಕೇ ಬೆಳಿಗ್ಗೆ ಹೋಗಬೇಕು ಅನ್ನುವುದು. ಜನ ಕಡಿಮೆ. ಪಕ್ಕದಲ್ಲಿ ಅಜ್ಜಂದಿರು ನಿಧಾನ ಕೈ ಬೀಸುತ್ತಾ ವ್ಯಾಯಾಮ ಮಾಡುತ್ತಿದ್ದರು. ನನ್ನ ಮಗಳು ಜಾಕಿ ಚಾನ್ ಅಚ್ಚಿನೊಳಗೆ ಕೈ ಇಟ್ಟಳು. ಒಂದೊಂದೇ ಬೆರಳು ಸರಿ ಹೊಂದಿಸಿ, ಅಂಗೈ ಒತ್ತಿ, ತೆಗೆಯಲೇ ಇಲ್ಲ. ನಾನೂ ಇಟ್ಟೆ. ಚಿಕ್ಕವನಿದ್ದಾಗ ಟಿವಿ ಮುಂದೆ ಕೂತು ಅವರ ಫೈಟ್ ನೋಡಿ, ಅಂಗಳದಲ್ಲಿ ಅದನ್ನೇ ಮಾಡಲು ಹೋಗಿ ಬಿದ್ದವನು ನಾನು. ಆ ಕೈಯೇ ಇಲ್ಲಿ ಒತ್ತಿದೆ ಅಂತ ಗೊತ್ತಾದಾಗ ಗಂಟಲು ಕಟ್ಟಿತು. ಕೆಲವು ಫಲಕಗಳಲ್ಲಿ ಬರೀ ಹೆಸರು, ಅಚ್ಚು ಇಲ್ಲ. ತೀರಿಕೊಂಡವರ ಕೈ ಎಲ್ಲಿಂದ ತರುವುದು, ಅಲ್ವಾ? ಬ್ರೂಸ್ ಲೀ ಹೋದದ್ದು 1973ರಲ್ಲಿ, 32 ವರ್ಷಕ್ಕೇ. ಅವರ ಕಂಚಿನ ಪ್ರತಿಮೆಗೆ ಅಭಿಮಾನಿಗಳೇ ದುಡ್ಡು ಕೂಡಿಸಿದ್ದು, 2005ರಲ್ಲಿ ನಿಲ್ಲಿಸಿದರು. ಗಾಯಕಿ, ನಟಿ ಅನಿತಾ ಮುಯಿ ಅವರ ಪ್ರತಿಮೆಯೂ ಉಂಟು, ಅದನ್ನು ಬಿಡಬೇಡಿ.

ರಾತ್ರಿ 8ಕ್ಕೆ ಎದುರು ದಡದ ಕಟ್ಟಡಗಳಲ್ಲಿ ಲೈಟ್ ಶೋ. 7:30ಕ್ಕೇ ಕಟಕಟೆ ಹಿಡಿದು ನಿಂತುಬಿಡಿ, ಮತ್ತೆ ಜಾಗ ಸಿಗುವುದು ಕಷ್ಟ. ಮಲ್ಪೆಯಲ್ಲಿ ನಾವು ಕಡಲಿಗೆ ಮುಖ ಮಾಡಿದರೆ ಆಚೆ ಬರೀ ಆಕಾಶ, ಇಲ್ಲಿ ನೀರಿನಾಚೆ ಇಡೀ ಒಂದು ಊರೇ ಹೊಳೆಯುತ್ತದೆ. ಚಂಡಮಾರುತದ ಎಚ್ಚರಿಕೆ ಇದ್ದರೆ ಶೋ ಇರುವುದಿಲ್ಲ.

ಹಸಿವಾದರೆ ನೇಥನ್ ರೋಡಿನ ಚುಂಗ್‌ಕಿಂಗ್ ಮ್ಯಾನ್ಶನ್ಸ್ ಕಟ್ಟಡಕ್ಕೆ ನಡೆದೇ ಹೋಗಬಹುದು, ಅಲ್ಲಿ ನಮ್ಮ ದಾಲ್, ಚಪಾತಿ ಸಿಗುತ್ತದೆ. ಬೆಳಿಗ್ಗೆಗೆ ಮಾತ್ರ ಅಲ್ಲಿನವರ ಗಂಜಿಯನ್ನೇ ಉಣ್ಣಿ ಮಾರಾಯ್ರೆ. ನಮ್ಮ ಕುಚ್ಚಲಕ್ಕಿ ಗಂಜಿಯ ಹಾಗೆ ಅನ್ನ ಬೇರೆ, ತಿಳಿ ಬೇರೆ ಅಲ್ಲ, ಪೂರ್ತಿ ಕರಗಿ ಬಿಳಿಯಾಗಿರುತ್ತದೆ. ಸಸ್ಯಾಹಾರಿಗಳು ಮಾಂಸದ ಸಾರು ಹಾಕಿದ್ದಾರಾ ಅಂತ ಮೊದಲೇ ಕೇಳಿಕೊಳ್ಳಿ.