ಅಮೆರಿಕದಲ್ಲಿ ಮನೆ ನೋಡುವ ಮೊದಲು: ಶಾಲೆ ಟೌನಿನದೋ, ಕೌಂಟಿಯದೋ?

ಕೆಲಸದ ಮೇಲೆ ಅಮೆರಿಕಕ್ಕೆ ಹೋಗುವ ನಮ್ಮವರು ಮನೆ ಹುಡುಕುವಾಗ ಮೊದಲು ಕೇಳುವುದು, ‘ಅಲ್ಲಿ ಶಾಲೆ ಹೇಗಿದೆ?’ ಎಂದು. ಶಾಲೆ ನಡೆಸುವವರು ಯಾರು, ತನ್ನದೇ ಆಡಳಿತವಿರುವ ಊರೋ (ಟೌನ್), ನಮ್ಮ ಜಿಲ್ಲೆಯಂತೆ ಹಲವು ಊರುಗಳನ್ನು ಒಳಗೊಂಡ ಕೌಂಟಿಯೋ ಎಂಬುದನ್ನು ಅದಕ್ಕಿಂತ ಮೊದಲೇ ಕೇಳಬೇಕು. ತೆರಿಗೆ, ಮಕ್ಕಳ ಗೆಳೆತನ, ನೆರೆಹೊರೆಯ ಬಳಕೆ ಎಲ್ಲಕ್ಕೂ ಅದರ ನಂಟಿದೆ.

1. ರಾಜ್ಯದ ಪದ್ಧತಿ ತಿಳಿದುಕೊಳ್ಳಿ. ಮ್ಯಾಸಚೂಸೆಟ್ಸ್‌ನ ನೆಲವೆಲ್ಲ 351 ನಗರ, ಟೌನ್‌ಗಳಲ್ಲಿ ಹಂಚಿಹೋಗಿದೆ. ಕನೆಕ್ಟಿಕಟ್ 1960ರಲ್ಲೇ ಕೌಂಟಿ ಸರ್ಕಾರಗಳನ್ನು ರದ್ದು ಮಾಡಿತು. ಇಂಥ ಕಡೆ ಶಾಲೆ ಬಹುಮಟ್ಟಿಗೆ ಊರಿನದೇ. ಮೇರಿಲ್ಯಾಂಡ್‌ನಲ್ಲಿ ಹಾಗಲ್ಲ. ಇಡೀ ರಾಜ್ಯಕ್ಕೆ 24 ಶಾಲಾ ಆಡಳಿತಗಳು: 23 ಕೌಂಟಿಗಳದ್ದು, ಒಂದು ಬಾಲ್ಟಿಮೋರ್ ನಗರದ್ದು. ಅಲ್ಲಿನ ರಾಕ್‌ವಿಲ್‌ಗೆ ಮೇಯರ್ ಇದ್ದಾರೆ, ಆದರೆ ಶಾಲೆ ಕೌಂಟಿಯದು. ಪಕ್ಕದ ಬೆಥೆಸ್ಡಾಕ್ಕೆ ಮೇಯರೂ ಇಲ್ಲ.

2. ಅಂಚೆ ವಿಳಾಸವನ್ನು ನಂಬಬೇಡಿ. ವರ್ಜೀನಿಯಾದ ಫಾಲ್ಸ್ ಚರ್ಚ್ ಎರಡು ಚದರ ಮೈಲಿಯಷ್ಟು ಪುಟ್ಟ ನಗರ. ತನ್ನದೇ ಶಾಲೆಗಳು, ಒಂದೇ ಹೈಸ್ಕೂಲು. ನಗರದ ಗಡಿಯ ಆಚೆಗೂ ಎಷ್ಟೋ ಮನೆಗಳ ವಿಳಾಸ ಫಾಲ್ಸ್ ಚರ್ಚ್ ಎಂದೇ ಇರುತ್ತದೆ. ಆ ಮಕ್ಕಳು ಹೋಗುವುದು ಸುಮಾರು 1.8 ಲಕ್ಷ ವಿದ್ಯಾರ್ಥಿಗಳಿರುವ ಫೇರ್‌ಫ್ಯಾಕ್ಸ್ ಕೌಂಟಿಯ ಶಾಲೆಗೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಮನೆ ಸಂಖ್ಯೆ, ಬೀದಿ ಹೆಸರು ಕೊಟ್ಟು ಶಾಲಾ ಆಡಳಿತದಲ್ಲೇ ವಿಚಾರಿಸಿ.

3. ಟೌನ್ ಆದರೆ ಸಭೆಗೆ ಹೋಗಿ. ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಸೇರಿದ ಈಶಾನ್ಯ ಅಮೆರಿಕದ ನ್ಯೂ ಇಂಗ್ಲೆಂಡ್‌ ಪ್ರದೇಶದ ಸಣ್ಣ ಊರುಗಳ ಟೌನ್ ಮೀಟಿಂಗ್ ನಮ್ಮ ಗ್ರಾಮಸಭೆಯನ್ನು ನೆನಪಿಸುತ್ತದೆ. ಆದರೆ ಅಲ್ಲಿ ಮತದಾರರೇ ಶಾಲೆಯ ದುಡ್ಡನ್ನೂ ಒಳಗೊಂಡ ಬಜೆಟ್ಟಿಗೆ ಮತ ಹಾಕುತ್ತಾರೆ. ಹೈಸ್ಕೂಲಿನ ಸಭಾಂಗಣದಲ್ಲಿ ಒಬ್ಬರು ಮೈಕ್ ಹಿಡಿದು ಸಂಗೀತ ಶಿಕ್ಷಕರನ್ನು ಉಳಿಸಿ ಎನ್ನುತ್ತಾರೆ, ಪಿಂಚಣಿಯಲ್ಲಿ ಬದುಕುವ ಇನ್ನೊಬ್ಬರು ಮನೆ ತೆರಿಗೆ ತಾಳಲಾರೆ ಎನ್ನುತ್ತಾರೆ. ಇಬ್ಬರೂ ಮರುದಿನ ಅದೇ ಅಂಗಡಿಯಲ್ಲಿ ಎದುರಾಗುವವರು. ವೀಸಾದ ಮೇಲಿರುವವರಿಗೆ ಮತವಿಲ್ಲ. ಕುಳಿತು ಕೇಳಲು ಅಡ್ಡಿಯಿಲ್ಲ. ಒಂದು ಸಂಜೆ ಕೇಳಿದರೆ ಊರಿನ ಮನಸ್ಸು ತಿಳಿಯುತ್ತದೆ. ಇಷ್ಟು ಆಪ್ತತೆಗೆ ಬೆಲೆಯೂ ಇದೆ: ಊರಿನ ಶಾಲೆ ಬಹುಮಟ್ಟಿಗೆ ಊರಿನವರಿಗೇ ಆದ್ದರಿಂದ, ಮನೆ ದುಬಾರಿಯಾದ ಊರಿನ ಶಾಲೆಗೆ ಬಡವರ ಮಕ್ಕಳು ಸೇರುವುದೇ ಕಷ್ಟ. ಇದು ನನ್ನನ್ನು ನೋಯಿಸುವ ಸಂಗತಿ.

4. ಕೌಂಟಿ ಆದರೆ ಶಾಲೆಯ ಗಡಿ ಕೇಳಿ. ಕೌಂಟಿ ದೊಡ್ಡದು; ಒಂದು ಶಾಲೆ ತುಂಬಿದರೆ ಮಕ್ಕಳನ್ನು ಇನ್ನೊಂದಕ್ಕೆ ಕಳುಹಿಸಬಹುದು. 2019ರಲ್ಲಿ ಮೇರಿಲ್ಯಾಂಡ್‌ನ ಹೋವರ್ಡ್ ಕೌಂಟಿ 5 ಸಾವಿರಕ್ಕೂ ಹೆಚ್ಚು ಮಕ್ಕಳ ಶಾಲೆ ಬದಲಿಸಲು ತೀರ್ಮಾನಿಸಿದಾಗ ಪೋಷಕರಿಂದ ಭಾರಿ ವಿರೋಧ ಬಂತು. ದಟ್ಟಣೆ ತಗ್ಗಿಸುವುದರ ಜೊತೆಗೆ, ಬಡ ಮಕ್ಕಳು ಕೆಲವೇ ಶಾಲೆಗಳಲ್ಲಿ ಗುಂಪುಗೂಡದಂತೆ ಮಾಡುವುದೂ ಅದರ ಉದ್ದೇಶವಾಗಿತ್ತು.

5. ಜನ ಎಲ್ಲಿ ಸೇರುತ್ತಾರೆ ನೋಡಿ. ಇದೇ ಹೋವರ್ಡ್ ಕೌಂಟಿಯಲ್ಲಿ 1967ರಲ್ಲಿ ಬಡಾವಣೆ ನಿರ್ಮಾಣದ ಉದ್ಯಮಿ ಜೇಮ್ಸ್ ರೌಸ್ ಕಟ್ಟಿಸಿದ ಕೊಲಂಬಿಯಾ ಎಂಬ ಊರಿಗೆ ಮೇಯರ್ ಇಲ್ಲ, ಪುರಸಭೆಯಿಲ್ಲ. ಊರಿನವರ ಒಡನಾಟ ಬೆಳೆಯಲೆಂದೇ ಅದನ್ನು ಹಳ್ಳಿಗಳಾಗಿ ವಿಂಗಡಿಸಿದರು. ಮನೆಮನೆಗೊಂದು ಅಂಚೆ ಡಬ್ಬಿ ಇಡುವ ಬದಲು ಹಲವು ಮನೆಗಳ ಡಬ್ಬಿಗಳನ್ನು ಒಂದೇ ಕಡೆ ನಿಲ್ಲಿಸಿದರು, ಕಾಗದ ತೆಗೆಯಲು ಬಂದ ನೆರೆಯವರು ಎರಡು ಮಾತಾಡಲಿ ಎಂದು.