ತೊಡೆಯ ಗಂಟಿಗೆ ಸೂಜಿ ಹಾಕುವ ಮುನ್ನ

"ಬ್ಯಾನಿ ಇಲ್ರಿ ಸರ, ಬರೇ ಗಂಟ ಐತಿ" ಎನ್ನುತ್ತ ಹುನಗುಂದ ಕಡೆಯ ಕುರಿಗಾರರೊಬ್ಬರು ನನ್ನ ಬಳಿ ಬಂದಿದ್ದರು. ಎರಡು ವರ್ಷದ ಹಿಂದೆ ಯಾರೋ ಕೀವು ಇರಬೇಕೆಂದು ಸೂಜಿ ಚುಚ್ಚಿದ್ದರಂತೆ. ಬಂದದ್ದು ಕೀವಲ್ಲ, ತಿಳಿನೀರು. ಹಿಂದೆಯೇ ಮೈತುಂಬ ದದ್ದು, ಬಿ.ಪಿ. ಕುಸಿತ. ಹೇಗೋ ಬದುಕಿದರು, ಆದರೆ ಒಂದು ಗಂಟಿದ್ದ ತೊಡೆಯಲ್ಲಿ ಈಗ ನಾಲ್ಕು.

ಇದು ಹೈಡಾಟಿಡ್ ಗುಳ್ಳೆ. ಎಕಿನೊಕಾಕಸ್ ಎಂಬ ಪುಟ್ಟ ಲಾಡಿಹುಳು, ಕುರಿಯ ಒಳಗಿನ ಗುಳ್ಳೆ ತಿಂದ ನಾಯಿಯ ಕರುಳಲ್ಲಿರುತ್ತದೆ. ಅದರ ತತ್ತಿ ಕೈಗೆ ಅಂಟಿ ನಮ್ಮ ಹೊಟ್ಟೆ ಸೇರಿದರೆ ಹೆಚ್ಚಾಗಿ ಪಿತ್ತಜನಕಾಂಗದಲ್ಲಿ, ನಂತರ ಶ್ವಾಸಕೋಶದಲ್ಲಿ ಗುಳ್ಳೆ ಕಟ್ಟುತ್ತದೆ. ಸ್ನಾಯುವಿನಲ್ಲಿ ಕಾಣುವುದು ನೂರಕ್ಕೆ ಒಂದೆರಡು, ಹೆಚ್ಚೆಂದರೆ ನಾಲ್ಕು.

ಮೊದಲು ಕೇಳಿ: ಕುರಿ ಇವೆಯಾ, ನಾಯಿ ಇದೆಯಾ? ಲಿಂಬೆಯಷ್ಟಿದ್ದದ್ದು ನಿಧಾನಕ್ಕೆ ಬೆಳೆದಿದೆಯಾ?

ನಂತರ ಅಲ್ಟ್ರಾಸೌಂಡ್. ಗುಳ್ಳೆಯೊಳಗೆ ಮರಿಗುಳ್ಳೆಗಳೋ, ನೀರಲ್ಲಿ ತೇಲುವ ಕಳಚಿದ ಪೊರೆಯೋ ಕಂಡರೆ ಅನುಮಾನ ಬಲವಾಯಿತು. ಅದೇ ದಿನ ಹೊಟ್ಟೆಯನ್ನೂ ನೋಡಿ, ಎದೆಯ ಎಕ್ಸ್‌ರೇ ತೆಗೆಸಿ. ರಕ್ತಪರೀಕ್ಷೆ ನೆಗೆಟಿವ್ ಬಂತೆಂದು ನಿರಾಳವಾಗಬೇಡಿ, ಸ್ನಾಯುವಿನ ಗುಳ್ಳೆ ಅದಕ್ಕೆ ಎಷ್ಟೋ ಸಲ ಸಿಗುವುದಿಲ್ಲ. ಎಂಆರ್‌ಐ ಇಲ್ಲದೆ ನಾನಂತೂ ಚಾಕು ಹಿಡಿಯುವುದಿಲ್ಲ. ನರ, ರಕ್ತನಾಳ ಎಷ್ಟು ಹತ್ತಿರ ಇವೆಯೆಂದು ಮೊದಲೇ ಗೊತ್ತಿರಬೇಕು. (ಎಕ್ಸ್‌ರೇಯಲ್ಲಿ ಅಕ್ಕಿಕಾಳಿನಂಥ ಚುಕ್ಕೆ ಹತ್ತಾರು ಕಂಡರೆ ಅದು ಹಂದಿಯ ಲಾಡಿಹುಳುವಿನದು, ಬೇರೆಯೇ ಕಥೆ. ಅಲ್ಲಿ ಮಾತ್ರೆಗೆ ಮುಂಚೆ ಮಿದುಳು, ಕಣ್ಣು ನೋಡಿಸಬೇಕು.)

ಎಡವುವುದು ಆಪರೇಶನ್‌ನಲ್ಲಿ. ಕೊಬ್ಬಿನ ಗಡ್ಡೆಯೆಂದು ಬೆರಳು ಹಾಕಿ ಬಿಡಿಸಹೋದರೆ ಗುಳ್ಳೆ ಒಡೆಯುತ್ತದೆ. ಒಳಗಿನ ನೀರಲ್ಲಿ ತೇಲುವ ಮರಳಿನಂಥ ಕಣಗಳಿವೆಯಲ್ಲ, ಒಂದೊಂದೂ ಹೊಸ ಗುಳ್ಳೆಯಾಗಬಲ್ಲದು. ಹಾಗಾಗಿ ಸುತ್ತ ಶೇ 20ರ ಉಪ್ಪುನೀರಲ್ಲಿ ಅದ್ದಿದ ಬಟ್ಟೆ ಹಾಸಿ. ಗುಳ್ಳೆಗೆ ಅಂಟಿದ ಸ್ನಾಯುವಿನ ತೆಳುಪದರವನ್ನೂ ಸೇರಿಸಿಯೇ ಕತ್ತರಿಸಿ, ಇಡಿಯಾಗಿ ಹೊರತೆಗೆಯಿರಿ. ಇಕ್ಕಳದಿಂದ ಗುಳ್ಳೆಯನ್ನು ಹಿಡಿಯಬೇಡಿ. ಅಲರ್ಜಿ ಕೆರಳಿದರೆ ಬೇಕೆಂದು ಅಡ್ರಿನಲಿನ್ ಕೈಗೆಟುಕುವಲ್ಲಿರಲಿ. ಅವಸರವಿದ್ದವರು ಈ ಕೇಸ್ ಬೇರೆಯವರಿಗೆ ಕೊಡುವುದೇ ವಾಸಿ.

ಮಾತ್ರೆ ಅಲ್ಬೆಂಡಜೋಲ್: ದೊಡ್ಡವರಿಗೆ ಸಾಮಾನ್ಯವಾಗಿ 400 ಮಿ.ಗ್ರಾಂ, ದಿನಕ್ಕೆ ಎರಡು ಸಲ, ಜಿಡ್ಡಿನ ಊಟದ ಜೊತೆ. ಆಪರೇಶನ್‌ಗೆ ಮುಂಚೆ ಶುರು, ನಂತರವೂ ತಿಂಗಳುಗಟ್ಟಲೆ. ಜಂತುಹುಳುವಿಗೆ ನುಂಗುವ ಒಂದೇ ಮಾತ್ರೆ ಇಲ್ಲಿ ಏನೂ ಮಾಡದು. ಲಿವರ್ ಪರೀಕ್ಷೆ, ಬಿಳಿರಕ್ತಕಣದ ಎಣಿಕೆ ಆಗಾಗ ಆಗಬೇಕು, ಗರ್ಭಿಣಿಯರಿಗೆ ಬೇಡ. ಸಂತೆಯಲ್ಲಿ ಸಿಗುವ 'ಗಡ್ಡೆ ಕರಗಿಸುವ' ಮುಲಾಮು ಹಚ್ಚಿ ಉಜ್ಜುವವರಿದ್ದಾರೆ. ಉಜ್ಜಿದರೆ ಕರಗದು, ಒಡೆದೀತು.

ವರ್ಷಕ್ಕೊಮ್ಮೆ ಸ್ಕ್ಯಾನ್, ಕೆಲವು ವರ್ಷ.

ಆ ಕುರಿಗಾರರು ಹೊರಡುವಾಗ ಕೇಳಿದರು: "ನಾಯಿ ಬಿಟ್ಟಬಿಡ್ಲೇನ್ರಿ?" ಬೇಡವೆಂದೆ. ಪಶುವೈದ್ಯರ ಬಳಿ ಅದಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಲಾಡಿಹುಳುವಿನ ಔಷಧಿ ಹಾಕಿಸಬೇಕು, ಕುರಿ ಕೊಯ್ದಾಗ ಗುಳ್ಳೆಯಿರುವ ಲಿವರ್ ಅದಕ್ಕೆ ಎಸೆಯದೆ ಆಳಕ್ಕೆ ಹೂಳಬೇಕು. "ಅದನ್ನ ದಿನಾ ಹಾಕ್ತಿದ್ವಿ" ಎಂದರು.