ಸಾಲಿಗ್ರಾಮ: ಅಸಲಿಯೇ ಎಂದು ನೋಡುವುದು, ಮಳೆಗಾಲದಲ್ಲಿ ಕಾಪಾಡುವುದು

ಉಡುಪಿಯ ಆಸುಪಾಸಿನಲ್ಲಿ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮ ಇಟ್ಟು ಪೂಜಿಸುವ ಮನೆಗಳು ಬಹಳ. ಆದರೆ ಕಲ್ಲು ಈ ನೆಲದ್ದಲ್ಲ. ನಮ್ಮ ಮುರಕಲ್ಲಿನಲ್ಲಾಗಲಿ, ಸೇಂಟ್ ಮೇರೀಸ್ ದ್ವೀಪದ ಅಗ್ನಿಶಿಲೆಯ ಕಂಬಗಳಲ್ಲಾಗಲಿ ಸಾಲಿಗ್ರಾಮದ ಚಕ್ರ, ಅಂದರೆ ಸುರುಳಿ ಗುರುತು, ಸಿಗದು. ನೇಪಾಳದ ಮುಕ್ತಿನಾಥದ ಸುತ್ತ ಕಾಣುವ ಸ್ಪಿತಿ ಶೇಲ್ ಎಂಬ ಕರಿ ಪದರಕಲ್ಲು ಅದರ ತವರು. ಸುಮಾರು 15 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಯುಗದ ಕೊನೆಯ ಹೊತ್ತಿಗೆ, ಟೆಥಿಸ್ ಸಮುದ್ರದ ಕೆಸರಿನಲ್ಲಿ ಹೂತ ಅಮೊನೈಟ್ ಎಂಬ ಕಡಲಜೀವಿಗಳ ಸುರುಳಿ ಚಿಪ್ಪುಗಳ ಸುತ್ತ ಖನಿಜ ಕಟ್ಟಿಕೊಂಡು ಉಂಡೆಗಳಾದವು. ಮೆತ್ತನೆಯ ಶೇಲ್ ಸವೆದಂತೆ ಗಟ್ಟಿ ಉಂಡೆಗಳು ಕಾಳಿಗಂಡಕಿ ನದಿಗೆ ಬಿದ್ದವು.

ಮೊದಲು ತೂಕ ನೋಡಿ. ಡಿಜಿಟಲ್ ತಕ್ಕಡಿಯಲ್ಲಿ ಕಲ್ಲನ್ನು ತೂಗಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ಕಲ್ಲನ್ನು ದಾರದಲ್ಲಿ ಕಟ್ಟಿ ತಳ, ಅಂಚು ತಾಗದಂತೆ ಪೂರ್ತಿ ಮುಳುಗಿಸಿ. ಕಲ್ಲು 210 ಗ್ರಾಂ ಇದ್ದು ತಕ್ಕಡಿ 78 ತೋರಿಸಿದರೆ, 210ನ್ನು 78ರಿಂದ ಭಾಗಿಸಿ: 2.69. ಅಂದರೆ ಅದು ಅಷ್ಟೇ ಗಾತ್ರದ ನೀರಿಗಿಂತ ಅಷ್ಟು ಪಟ್ಟು ಭಾರ. ಕಲ್ಲಿಗೆ 2.6ರ ಆಸುಪಾಸು ಅಥವಾ ಮೇಲೆ ಬರಬೇಕು. ಕಲ್ಲುಪುಡಿ ಬೆರೆಸದ ರೆಸಿನ್ (ಪ್ಲಾಸ್ಟಿಕ್‌ನಂಥ ಅಂಟು) ಅಚ್ಚು ಒಂದೂವರೆ ದಾಟುವುದು ಕಷ್ಟ. ತಳ ತಾಗಿದರೆ ಲೆಕ್ಕ ತಪ್ಪುತ್ತದೆ.

ತೂಕ ಸರಿಯಿದ್ದರೂ ನಿಜವಾದ ಕರಿಗಲ್ಲಿಗೇ ಚಕ್ರ ಕೆತ್ತಿರಬಹುದು. ಟಾರ್ಚನ್ನು ಪಕ್ಕದಿಂದ ಹಿಡಿದು 10 ಪಟ್ಟಿನ ಲೆನ್ಸಿನಲ್ಲಿ ಗೆರೆಗಳನ್ನು ಹಿಂಬಾಲಿಸಿ. ಈ ಕಲ್ಲುಗಳ ಅಮೊನೈಟ್‌ಗಳಲ್ಲಿ ಏಣುಗಳು, ಅಂದರೆ ಉಬ್ಬುಗೆರೆಗಳು, ಒಳಸುತ್ತಿನ ಕಡೆ ಒಂದಾಗಿದ್ದು, ಹೊರ ಅಂಚಿಗೆ ಹೋಗುತ್ತಾ ಎರಡಾಗಿಯೋ ಮೂರಾಗಿಯೋ ಕವಲೊಡೆಯುವುದು ಸಾಮಾನ್ಯ. ಕೆತ್ತಿದವರು ಈ ಕವಲನ್ನು ಮರೆಯುತ್ತಾರೆ, ಇಲ್ಲವೇ ಎಲ್ಲವನ್ನೂ ಒಂದೇ ಆಳಕ್ಕೆ ಕೊರೆಯುತ್ತಾರೆ. ತೋಡಿನ ತಳದಲ್ಲಿ ಡ್ರಿಲ್ಲಿನ ಸಮಾಂತರ ಗೀರು ಉಳಿದಿರುತ್ತದೆ. ಚಿನ್ನ ಉಜ್ಜಿ ಗೆರೆ ಬಿದ್ದರೆ ಅಸಲಿ ಎಂಬ ಪರೀಕ್ಷೆಯನ್ನು ನಂಬಬೇಡಿ. ಗಟ್ಟಿಯಾದ ಯಾವ ನಯ ಕರಿಗಲ್ಲಿನಲ್ಲೂ ಗೆರೆ ಬೀಳುತ್ತದೆ. ಚಕ್ರ ಕಾಣಲೆಂದು ಒಡೆಯಲೂ ಬೇಡಿ.

ಬಂಗಾರದಂತೆ ಹೊಳೆಯುವ ಭಾಗ ಪೈರೈಟ್, ಅಂದರೆ ಕಬ್ಬಿಣ, ಗಂಧಕ ಸೇರಿದ ಖನಿಜ. ಕರಾವಳಿಯಲ್ಲಿ ಹೆಚ್ಚು ಹಾಳಾಗುವುದು ಇದೇ. ಗಾಳಿಯ ತೇವಾಂಶ ಶೇ. 60 ದಾಟಿ ನಿಂತರೆ ಅದು ಆಮ್ಲಜನಕದೊಂದಿಗೆ ಸೇರಿ ಗಂಧಕಾಮ್ಲವನ್ನೂ ಉಬ್ಬುವ ಲವಣವನ್ನೂ ಹುಟ್ಟಿಸುತ್ತದೆ. ಬಿರುಕಿನಿಂದ ಬಿಳಿ, ಹಳದಿ ಪುಡಿ ಉದುರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಬಿರುಕುಗಳನ್ನು ನೋಡಿ.

ಪುಡಿ ಕಂಡರೆ ತೊಳೆಯಬೇಡಿ, ನೀರು ಈ ಕೇಡನ್ನು ಬೆಳೆಸುತ್ತದೆ. ಒಣ ಮೃದು ಬ್ರಷ್‌ನಿಂದ ಉದುರಿಸಿ, ಒಂದು ದಿನ ಫ್ಯಾನಿನ ಕೆಳಗಿಟ್ಟು, ತೇವ ಹೀರುವ ಸಿಲಿಕಾ ಜೆಲ್ ಸುಮಾರು 100 ಗ್ರಾಂ ಹಾಕಿದ ಒಂದು ಲೀಟರಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ತಾಮ್ರದ ತಟ್ಟೆ ಬೇಡ, ಆಮ್ಲ ಅದನ್ನೂ ತಿನ್ನುತ್ತದೆ. ಬಿಸಿಲು, ಒಲೆಯ ಬಿಸಿ ಬಿರುಕನ್ನು ಹಿಗ್ಗಿಸುತ್ತವೆ. ಇಂಥ ಕಲ್ಲಿಗೆ ಅಭಿಷೇಕದ ಬದಲು ನೀರೊರೆಸಿದ ತುಳಸಿ ಮಾತ್ರ ಏರಿಸಬಹುದೇ ಎಂದು ಪುರೋಹಿತರನ್ನು ಕೇಳಿ.

ಗಟ್ಟಿಯಿರುವ ಕಲ್ಲಿಗೆ ಪಂಚಾಮೃತ ಮಾಡಿದರೆ ತಕ್ಷಣ ಶುದ್ಧ ನೀರಿನಲ್ಲಿ ತೊಳೆದು, ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಿ. ಪಾತ್ರೆ ಉಜ್ಜುವ ಹುಣಸೆಹಣ್ಣು, ನಿಂಬೆ ತಾಗಿಸಬೇಡಿ: ಉಂಡೆಯಲ್ಲಿ ಸುಣ್ಣದಂಶವಿದ್ದರೆ ಹುಳಿ ಅದನ್ನು ಕರಗಿಸಿ ಏಣನ್ನು ಮಸುಕಾಗಿಸುತ್ತದೆ. ಹೊಳಪಿಗೆ ಎಣ್ಣೆಯೂ ಬೇಡ. ಅದು ತೇವ ತಡೆಯುವುದಿಲ್ಲ, ಗಂಧದ ಪುಡಿಯನ್ನು ಗೆರೆಗಳಲ್ಲಿ ಅಂಟಿಸಿಬಿಡುತ್ತದೆ.